ಹತ್ತು ಕಿಲೋಮೀಟರ್ ಆಸುಪಾಸಿನ ಝಟಕಾ: ಡಬಲ್ ಕ್ಲಚ್ ಗೇರ್‌ಬಾಕ್ಸಿಗೆ ಊರ ಟ್ರಾಫಿಕ್ ಯಾಕೆ ಒಗ್ಗುವುದಿಲ್ಲ?

ಪ್ರಶ್ನೆ: "ನಮಸ್ಕಾರ್ರಿ. ನನ್ನ ಹತ್ರ 2018ರ ಆಕ್ಟೇವಿಯಾ ಆರ್‌ಎಸ್ 230 ಅದ. ಹೋದ ವರ್ಷ ಹೈದರಾಬಾದಿನಾಗ ಸೆಕೆಂಡ್ ಹ್ಯಾಂಡ್ ತಗೊಂಡೆ, ಈಗ 71 ಸಾವಿರ ಕಿಲೋಮೀಟರ್ ಆಗ್ಯಾದ. ಹುಮನಾಬಾದ್ ರೋಡಿಗಿ ಹತ್ತಿದ್ರ ಬೆಣ್ಣಿ ಹಂಗ ಗೇರ್ ಬೀಳ್ತಾವ. ಊರಾಗ ಬಂದ್ರ ತಕರಾರ ಶುರು. ಮುಂಜಾನಿ ತಂಪಿನಾಗ ಛಲೋ ಇರ್ತದ. ಸೂಪರ್ ಮಾರ್ಕೆಟ್, ಜಗತ್ ಸರ್ಕಲ್ ಕಡಿ ಒಂದ್ ಇಪ್ಪತ್ತು ನಿಮಿಷ ತೆವಳಿದ ಮ್ಯಾಲ ಎರಡರಿಂದ ಒಂದಕ್ಕ ಇಳಿಯೋವಾಗ ಹಿಂದಿನವ್ರು ಗುದ್ದಿದಂಗ ಝಟಕಾ. ಸ್ಪೀಡ್ ಬ್ರೇಕರ್ ದಾಟಿ ಆಕ್ಸಿಲರೇಟರ್ ಒತ್ತಿದ್ರ ಒಂದು ಕ್ಷಣ ಏನೂ ಇಲ್ಲ, ಆಮ್ಯಾಲ ಒಮ್ಮೆಲೆ ಹಾರ್ತದ. ಡಿ ಇಂದ ಆರ್‌ಗೆ ಹಾಕಿದ್ರ 'ಧಡ್' ಅಂತದ. ಒಬ್ಬ ಮಿಸ್ತ್ರಿ ಕ್ಲಚ್ ಪ್ಯಾಕ್ ಹೋಗ್ಯಾದ, ಲಕ್ಷದ ಮ್ಯಾಲ ಖರ್ಚು ಅಂದ್ರು. ಇನ್ನೊಬ್ರು ಲ್ಯಾಪ್‌ಟಾಪ್ ಹಚ್ಚಿ ರೀಸೆಟ್ ಮಾಡಿ ಕೊಟ್ರು, ಎರಡು ವಾರ ಛಲೋ ಇತ್ತು, ಮತ್ತ ಅದೇ ಕಥಿ. ಮೂರನೇದವ್ರು ಸಿಗ್ನಲಿನಾಗ ಪ್ರತಿ ಸಲ ಎನ್‌ಗೆ ಹಾಕ್ರಿ ಅಂತಾರ. ಗೇರ್ ಆಯಿಲ್ ಬದಲಿ ಆಗ್ಯಾದೋ ಇಲ್ಲೋ, ಬಿಲ್ ಇಲ್ಲ. ಗೆಳ್ಯಾನ 2015ರ ಪೋಲೊ ಜಿಟಿ ಟಿಎಸ್‌ಐ ಸುದ್ದಾ ಊರಾಗ ಗದಗದ ನಡಗ್ತದ. ಇಬ್ರದೂ ಒಂದೇ ರೋಗ ಏನ್ರಿ? ಗಾಡಿ ಮಾರಿ ಬಿಡ್ಲಾ?"
ಕಲಬುರಗಿಯ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರದಲ್ಲಿ ದೂರು ಒಂದಲ್ಲ, ಮೂರಿವೆ. ಎರಡರಿಂದ ಒಂದಕ್ಕೆ ಇಳಿಯುವಾಗಿನ ಗುದ್ದು, ಆಕ್ಸಿಲರೇಟರ್ ಒತ್ತಿದ ಮೇಲಿನ ತಡ, ಡಿ-ಆರ್ ನಡುವಿನ 'ಧಡ್'. ಮೂರಕ್ಕೂ ಒಂದೇ ಕಾರಣ ಹುಡುಕಲು ಹೊರಟರೆ ಗೇರ್‌ಬಾಕ್ಸ್ ಕೆಳಗಿಳಿಸುವುದೇ ದಾರಿಯಾಗಿ ಕಾಣುತ್ತದೆ. ಆ ಗಡಿಬಿಡಿ ಬೇಡ. ಹೆದ್ದಾರಿಯಲ್ಲಿ ಬೆಣ್ಣೆಯ ಹಾಗೆ ನಡೆಯುತ್ತದೆ ಎಂಬ ನಿಮ್ಮ ಒಂದು ಸಾಲೇ "ಕ್ಲಚ್ ಪ್ಯಾಕ್ ಹೋಗಿದೆ" ಎಂಬ ತೀರ್ಪನ್ನು ಅರ್ಧಕ್ಕರ್ಧ ಅಲ್ಲಾಡಿಸುತ್ತದೆ. ಸವೆದ ಕ್ಲಚ್ ಮೊದಲು ಸೋಲುವುದು ಭಾರ ಬಿದ್ದಾಗ. ನಾಲ್ಕನೇ ಅಥವಾ ಐದನೇ ಗೇರಿನಲ್ಲಿ ಪೂರ್ತಿ ಒತ್ತಿದರೆ ಆರ್‌ಪಿಎಂ ಮುಳ್ಳು ಓಡುತ್ತದೆ, ಗಾಡಿ ಹಿಂದೆ ಉಳಿಯುತ್ತದೆ. ಆ ಲಕ್ಷಣ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಈಗಿನ ಮಾಹಿತಿಯಲ್ಲಿ ಅನುಮಾನದ ಸಾಲು ಹೀಗಿದೆ: ಹಳೆಯ ಎಣ್ಣೆ, ಎಂಜಿನ್ ಮೌಂಟ್, ಕ್ಲಚ್ ಕಲಿಕೆಯ ತಪ್ಪು, ಆಮೇಲೆ ಮೆಕಾಟ್ರಾನಿಕ್ (ಗೇರ್‌ಬಾಕ್ಸಿನ ಕಂಪ್ಯೂಟರ್ ಮತ್ತು ವಾಲ್ವುಗಳ ಗಟ್ಟಿ), ಕಟ್ಟಕಡೆಗೆ ಕ್ಲಚ್.

ಇನ್ನು ಝಟಕಾ ಬರುವುದು ಅದೇ ವೇಗದಲ್ಲಿ ಯಾಕೆ ಎಂಬುದು. ನಿಮ್ಮ ಗಾಡಿಯಲ್ಲಿರುವುದು ಆರು ಗೇರಿನ, ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚುಗಳ (ವೆಟ್ ಕ್ಲಚ್) ಡಿಎಸ್‌ಜಿ, ಅಂದರೆ ಫೋಕ್ಸ್‌ವ್ಯಾಗನ್ ಬಳಗದ ಡಬಲ್ ಕ್ಲಚ್ ಗೇರ್‌ಬಾಕ್ಸ್; ಈ ನಮೂನೆಗೆ ಡಿಕ್ಯು250 ಅನ್ನುತ್ತಾರೆ. ಒಳಗೆ ಎರಡು ಕ್ಲಚ್. ಒಂದನೆಯದು 1, 3, 5 ಮತ್ತು ರಿವರ್ಸ್ ಹೊರುತ್ತದೆ. ಎರಡನೆಯದು 2, 4, 6. ಸಾಮಾನ್ಯ ಆಟೋಮ್ಯಾಟಿಕ್‌ನಲ್ಲಿ ಇರುವ ಟಾರ್ಕ್ ಕನ್ವರ್ಟರ್ ಇಲ್ಲಿ ಇಲ್ಲ. ಆ ಎಣ್ಣೆಯ ತಿರುಗಣಿ ಎಂಜಿನ್ನಿನ ಎಲ್ಲ ಒರಟುತನವನ್ನೂ ನುಂಗಿಕೊಳ್ಳುತ್ತಿತ್ತು. ಇಲ್ಲಿ ನುಂಗಬೇಕಾದದ್ದು ಕ್ಲಚ್ಚೇ, ಜಾರಿ ಜಾರಿ. ಎಂಜಿನ್ ಐಡಲ್‌ನಲ್ಲಿ (ಆಕ್ಸಿಲರೇಟರ್ ಮುಟ್ಟದೆ) ತಿರುಗುವಾಗ ಮೊದಲ ಗೇರಿನಲ್ಲಿ ಗಾಡಿ ಸುಮಾರು 6-7 ಕಿ.ಮೀ. ವೇಗದಲ್ಲಿ ಹೋಗಬೇಕು, ಎರಡನೇ ಗೇರಿನಲ್ಲಿ 10-11. ಅದಕ್ಕಿಂತ ನಿಧಾನ ಹೋಗಬೇಕೆಂದರೆ ಕ್ಲಚ್ ಜಾರಲೇಬೇಕು, ಇಲ್ಲದಿದ್ದರೆ ಎಂಜಿನ್ ಬಂದ್. ಈಗ ಸೂಪರ್ ಮಾರ್ಕೆಟಿನ ಟ್ರಾಫಿಕ್ ನೆನಪಿಸಿಕೊಳ್ಳಿ: ಆಟೋ, ತಳ್ಳುಗಾಡಿ, ಅಡ್ಡ ಬರುವ ಬೈಕು. ಅಲ್ಲಿ ನಡೆಯುವ ವೇಗವೇ 4ರಿಂದ 12. ಅಂದರೆ ಎರಡನೇ ಗೇರ್ ಸಾಲದು, ಮೊದಲ ಗೇರ್ ಹೆಚ್ಚು ಅನ್ನುವ ಇಕ್ಕಟ್ಟಿನ ಪಟ್ಟಿಯಲ್ಲೇ ಗಾಡಿ ಇಡೀ ಹೊತ್ತು ಇರುತ್ತದೆ. ಆರೋಗ್ಯವಾಗಿರುವ ಗೇರ್‌ಬಾಕ್ಸ್ ಕೂಡ ಅಲ್ಲಿ ಸ್ವಲ್ಪ ಗೊಣಗುತ್ತದೆ.

ಎರಡನೆಯ ವಿಷಯ, ಗೇರ್‌ಬಾಕ್ಸ್ ಮಾಡುವ ಊಹೆ. ನೀವು ಎರಡನೇ ಗೇರಿನಲ್ಲಿ ಇರುವಾಗಲೇ ಆ ಕಡೆಯ ಶಾಫ್ಟ್‌ನಲ್ಲಿ ಒಂದನೆಯದನ್ನೋ ಮೂರನೆಯದನ್ನೋ ಮೊದಲೇ ಸಿಕ್ಕಿಸಿ ಇಟ್ಟಿರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಗೇರ್ ಬದಲಾಗುವ ಗುಟ್ಟು ಇದೇ. ಬ್ರೇಕ್ ಹಿಡಿದರೆ "ಇವರು ನಿಲ್ಲಿಸುತ್ತಾರೆ" ಎಂದು ಒಂದನೆಯದನ್ನು ಆರಿಸುತ್ತದೆ. ಆಕ್ಸಿಲರೇಟರ್ ಕೊಟ್ಟರೆ ಮೂರನೆಯದನ್ನು. ಬ್ರೇಕ್ ಬಿಟ್ಟ ಮರುಕ್ಷಣ ಆಕ್ಸಿಲರೇಟರ್ ಒತ್ತಿದರೆ ಊಹೆ ತಲೆಕೆಳಗು. ಆಗ ಗೇರ್ ಸಿಕ್ಕಿಸುವುದು, ಕ್ಲಚ್ ಹಸ್ತಾಂತರ, ಎಂಜಿನ್ ವೇಗದ ಹೊಂದಾಣಿಕೆ ಎಲ್ಲ ಒಟ್ಟಿಗೆ ಆಗಬೇಕು. ಸ್ಪೀಡ್ ಬ್ರೇಕರ್ ಮೇಲೆ ನಿಮಗೆ ಸಿಗುವ ಆ ಖಾಲಿ ಕ್ಷಣ, ಆಮೇಲಿನ ಜಿಗಿತ, ಬಹುಪಾಲು ಇದೇ. ಇದು ರೋಗ ಅಲ್ಲ, ಸ್ವಭಾವ. ಈ ಯಂತ್ರದ ಹುಟ್ಟೇ ಓಟದ ಟ್ರ್ಯಾಕಿನಲ್ಲಿ: 1980ರ ದಶಕದಲ್ಲಿ ಪೋರ್ಷೆ ತನ್ನ 956 ರೇಸ್ ಕಾರುಗಳಲ್ಲಿ ಪಿಡಿಕೆ ಹೆಸರಿನಲ್ಲಿ ಪಳಗಿಸಿದ್ದು, 2003ರಲ್ಲಿ ಗಾಲ್ಫ್ ಆರ್32 ಮೂಲಕ ರಸ್ತೆಗೆ ಬಂದದ್ದು. ಟ್ರ್ಯಾಕಿನಲ್ಲಿ ಯಾರೂ 9 ಕಿ.ಮೀ. ವೇಗದಲ್ಲಿ ತೆವಳುವುದಿಲ್ಲ.

ಆದರೆ "ಇಪ್ಪತ್ತು ನಿಮಿಷದ ನಂತರ" ಎಂದಿರಲ್ಲ, ಅದು ಸ್ವಭಾವದ ಖಾತೆಗೆ ಪೂರ್ತಿ ಸೇರುವುದಿಲ್ಲ. ಬಿಸಿಯಾದ ಮೇಲೆ ಮಾತ್ರ ಕೆಡುವ ಗೇರ್ ಎಂದರೆ ಮೊದಲು ಎಣ್ಣೆಯನ್ನು ಕೇಳಬೇಕು. ಈ ಗೇರ್‌ಬಾಕ್ಸಿನಲ್ಲಿ ಒಂದೇ ಎಣ್ಣೆ ಮೂರು ಕೆಲಸ ಮಾಡುತ್ತದೆ: ಹಲ್ಲುಗಳಿಗೆ ಜಾರುಗುಣ ಕೊಡುತ್ತದೆ, ವಾಲ್ವುಗಳನ್ನು ಒತ್ತಡದಿಂದ ನಡೆಸುತ್ತದೆ, ಕ್ಲಚ್ಚನ್ನು ತಂಪಿಡುತ್ತದೆ. ಜೋರಾಗಿ ಜಾರುತ್ತಿರುವ ಕ್ಲಚ್ಚಿನ ಮೇಲೆ ನಿಮಿಷಕ್ಕೆ 20 ಲೀಟರ್‌ವರೆಗೂ ಎಣ್ಣೆ ಹರಿಸುವ ಏರ್ಪಾಡಿದೆ. ಎಣ್ಣೆಯಲ್ಲಿ ಘರ್ಷಣೆಯನ್ನು ಹದದಲ್ಲಿಡುವ ರಾಸಾಯನಿಕಗಳಿರುತ್ತವೆ. ಅವು ಶಾಖಕ್ಕೆ ಕ್ರಮೇಣ ಸಾಯುತ್ತವೆ. ಅವು ಇದ್ದಾಗ ಜಾರುವ ತಟ್ಟೆ ನಿಲ್ಲುವ ಹೊತ್ತಿಗೆ ಹಿಡಿತ ಮೆಲ್ಲಗೆ ಕೂರುತ್ತದೆ. ಸತ್ತ ಮೇಲೆ ಕೊನೆಯ ಕ್ಷಣದಲ್ಲಿ ಹಿಡಿತ ಏಕಾಏಕಿ ಏರುತ್ತದೆ, ಕ್ಲಚ್ ಕಚ್ಚುತ್ತದೆ. ಹಿಂದಿನಿಂದ ಗುದ್ದಿದ ಹಾಗೆ ನಿಮಗೆ ಅನಿಸುವುದು ಆ ಕಚ್ಚು.

ಇದಕ್ಕೆ ಕಲಬುರಗಿಯ ಏಪ್ರಿಲ್-ಮೇ ಸೇರಿಸಿ. ಹೊರಗೆ 42-43 ಡಿಗ್ರಿ, ಡಾಂಬರಿನ ಮೇಲೆ ಇನ್ನೂ ಹೆಚ್ಚು, ಎ.ಸಿ. ಪೂರ್ತಿ, ಗಾಡಿ ನಿಂತಲ್ಲೇ. ಗೇರ್ ಎಣ್ಣೆಯ ಶಾಖ ತೆಗೆಯುವ ಕೂಲರ್ ನಡೆಯುವುದು ಎಂಜಿನ್ನಿನ ಕೂಲಂಟಿನ ಮೇಲೆ, ಆದ್ದರಿಂದ ಎಂಜಿನ್ ಬಿಸಿಯಾದರೆ ಗೇರ್‌ಬಾಕ್ಸಿಗೂ ನೆಮ್ಮದಿ ಇಲ್ಲ. ಎಣ್ಣೆ 138 ಡಿಗ್ರಿ ಮುಟ್ಟಿದರೆ ಕಂಪ್ಯೂಟರ್ ಎಂಜಿನ್ ಬಲ ಕಡಿಮೆ ಮಾಡುತ್ತದೆ, 145ರಲ್ಲಿ ಕ್ಲಚ್ಚುಗಳನ್ನೇ ಬಿಟ್ಟುಬಿಡುತ್ತದೆ. ನಿಮ್ಮದು ಅಲ್ಲಿಗೆ ಹೋಗಿರಲಿಕ್ಕಿಲ್ಲ, ಹೋಗಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಸಂದೇಶ ಬಂದಿರುತ್ತಿತ್ತು.

ಮಿಸ್ತ್ರಿಗಳ ಮಾತಿಗೆ ಬರೋಣ. "ಡಿಎಸ್‌ಜಿ ಎಣ್ಣೆ ಲೈಫ್‌ಟೈಮ್" ಎಂದು ಯಾರಾದರೂ ಹೇಳಿದ್ದರೆ ಅದು ನಿಮ್ಮ ಗಾಡಿಗೆ ಸುಳ್ಳು. ವೆಟ್ ಕ್ಲಚ್ ಡಿಎಸ್‌ಜಿಗೆ 60,000 ಕಿ.ಮೀ.ಗೆ ಎಣ್ಣೆ ಮತ್ತು ಫಿಲ್ಟರ್ ಬದಲಿಸಬೇಕು; ನಮ್ಮ ಬಿಸಿಲಿಗೆ, ಊರೊಳಗಿನ ಓಡಾಟಕ್ಕೆ 45-50 ಸಾವಿರಕ್ಕೇ ಮಾಡಿದರೆ ದುಡ್ಡು ಪೋಲಾಗುವುದಿಲ್ಲ. 71 ಸಾವಿರ, ಬಿಲ್ ಇಲ್ಲ ಎಂದರೆ ಬದಲಾಗಿಲ್ಲ ಎಂದೇ ಹಿಡಿಯಿರಿ. ರೀಸೆಟ್ ಬಗ್ಗೆ: ಕಂಪ್ಯೂಟರ್ ಪ್ರತಿ ಕ್ಲಚ್ ಎಷ್ಟು ಒತ್ತಡಕ್ಕೆ ಹಿಡಿಯಲು ಶುರು ಮಾಡುತ್ತದೆ ಎಂಬುದನ್ನು ಕಲಿತು ನೆನಪಿಟ್ಟಿರುತ್ತದೆ. ರೀಸೆಟ್ ಎಂದರೆ ಆ ಪಾಠ ಅಳಿಸಿ ಹೊಸದಾಗಿ ಕಲಿಸುವುದು. ಅದರಿಂದ ಎರಡು ವಾರ ಗುಣ ಕಂಡದ್ದು ಒಳ್ಳೆಯ ಸುದ್ದಿಯೇ, ಯಾಕೆಂದರೆ ಪೂರ್ತಿ ಮುರಿದ ಭಾಗ ರೀಸೆಟ್‌ನಿಂದ ಎರಡು ದಿನವೂ ಸುಮ್ಮನಿರುವುದಿಲ್ಲ. ಆದರೆ ಕೆಟ್ಟ ಎಣ್ಣೆಯ ಮೇಲೆ ಕಲಿಸಿದ ಪಾಠ ಮತ್ತೆ ತಪ್ಪುತ್ತದೆ. ರೀಸೆಟ್ ಮಾಡಿದವರು ಕೆಲಸ ತಿರುಗುಮುರುಗಾಗಿ ಮಾಡಿದರು, ಅಷ್ಟೇ.

ಸಿಗ್ನಲ್‌ನಲ್ಲಿ ಪ್ರತಿ ಸಲ ಎನ್‌ಗೆ ಹಾಕುವ ಸಲಹೆ ಒಳ್ಳೆಯ ಮನಸ್ಸಿನದು, ಉಪಯೋಗ ಕಡಿಮೆ. ಬ್ರೇಕ್ ಗಟ್ಟಿಯಾಗಿ ಒತ್ತಿ ನಿಂತರೆ ಕ್ಲಚ್ ಆಗಲೇ ಬಿಟ್ಟುಕೊಂಡಿರುತ್ತದೆ. ಎನ್-ಡಿ-ಎನ್ ಮಾಡಿದಷ್ಟೂ ಗೇರ್ ಸಿಕ್ಕಿಸುವ ಕೆಲಸ ಹೆಚ್ಚು. ರೈಲ್ವೆ ಗೇಟ್ ಹಾಕಿದೆ, ಮೂರ್ನಾಲ್ಕು ನಿಮಿಷ ನಿಲ್ಲಬೇಕು ಎಂದರೆ ಪಿ ಹಾಕಿ ಹ್ಯಾಂಡ್‌ಬ್ರೇಕ್ ಎಳೆಯಿರಿ, ಸರಿ. ನಿಜವಾಗಿ ಕ್ಲಚ್ ತಿನ್ನುವುದು ಬೇರೆಯೇ: ಬ್ರೇಕ್ ಮೇಲೆ ಕಾಲು ಹಗುರಾಗಿ ಇಟ್ಟು ಇಂಚಿಂಚಾಗಿ ಸರಿಯುವುದು, ಮತ್ತು ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್‌ನಿಂದಲೇ ಗಾಡಿ ಹಿಡಿದು ನಿಲ್ಲಿಸುವುದು.

ದುಡ್ಡು ಬಿಚ್ಚುವ ಮುಂಚೆ ಮನೆಯಲ್ಲೇ ಮಾಡುವ ಪರೀಕ್ಷೆ

ಒಂದು ಭಾನುವಾರ ಬೆಳಗ್ಗೆ ಸಮತಟ್ಟಾದ ಜಾಗ ನೋಡಿ. ಎ.ಸಿ. ಬಂದ್, ಡಿ ಹಾಕಿ, ಬ್ರೇಕ್ ಪೂರ್ತಿ ಬಿಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಒಂದು ಸೆಕೆಂಡಿನೊಳಗೆ ಗಾಡಿ ತಾನೇ ಮೆಲ್ಲಗೆ ಸರಿಯಬೇಕು. ಅದನ್ನೇ ರಿವರ್ಸಿನಲ್ಲಿ ಮಾಡಿ. ಅರ್ಧ ಗಂಟೆ ಊರೊಳಗೆ ಓಡಿಸಿ ಬಂದು ಎರಡನ್ನೂ ಮತ್ತೆ ಮಾಡಿ. ನಿಮ್ಮ ಗಾಡಿಯಲ್ಲಿ ಒಂದನೇ ಗೇರ್, ರಿವರ್ಸ್ ಎರಡೂ ಒಂದೇ ಕ್ಲಚ್ಚಿನ ಮೇಲಿವೆ. ಎರಡರಲ್ಲೂ ನಡುಕ ಬಂದರೆ ಮೊದಲ ಕ್ಲಚ್ ಅಥವಾ ಮೌಂಟ್ ಮೇಲೆ ಅನುಮಾನ. ಒಂದರಲ್ಲಿ ಮಾತ್ರ ಬಂದರೆ ಕ್ಲಚ್ಚಿನ ತಟ್ಟೆಗಳನ್ನು ದೂರುವುದು ಕಷ್ಟ.

ಆಮೇಲೆ ಲಿವರ್ ಮ್ಯಾನ್ಯುಯಲ್ ಕಡೆಗೆ ತಳ್ಳಿ, ಒಂದನೇ ಗೇರಿನಲ್ಲೇ 15 ಕಿ.ಮೀ.ವರೆಗೆ ಹೋಗಿ ಬ್ರೇಕ್ ಹಿಡಿದು ನಿಲ್ಲಿ. ಗೇರ್ ಬದಲಾವಣೆಯೇ ಇಲ್ಲದ ಈ ಓಟದಲ್ಲಿ ಝಟಕಾ ಮಾಯವಾದರೆ ಸಮಸ್ಯೆ ಎರಡು ಕ್ಲಚ್ಚುಗಳ ನಡುವಿನ ಹಸ್ತಾಂತರದ್ದು, ಅಂದರೆ ಎಣ್ಣೆ, ಕಲಿಕೆ, ವಾಲ್ವು. ಆಗಲೂ ಉಳಿದರೆ ಗೇರ್‌ಬಾಕ್ಸಿನ ಹೊರಗೆ ಕಣ್ಣು ಹಾಯಿಸಿ.

'ಧಡ್' ಬಗ್ಗೆ ನನಗೆ ಗೇರ್‌ಬಾಕ್ಸಿಗಿಂತ ಹೆಚ್ಚು ಅನುಮಾನ ಕೆಳಗಿನ ಪೆಂಡುಲಮ್ ಮೌಂಟ್ ಮೇಲೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಹಿಂದೆ-ಮುಂದೆ ತೂಗದಂತೆ ತಡೆಯುವ, ನಾಯಿಯ ಎಲುಬಿನ ಆಕಾರದ ತುಂಡು ಅದು. ಅದರ ರಬ್ಬರ್ ಬಿರುಕು ಬಿಟ್ಟರೆ ಪ್ರತಿ ಸಲ ಬಲ ದಿಕ್ಕು ಬದಲಿಸಿದಾಗ ಎಂಜಿನ್ ಹೊಯ್ದಾಡಿ ಬಡಿಯುತ್ತದೆ, ಎರಡರಿಂದ ಒಂದಕ್ಕೆ ಇಳಿಯುವ ಸಣ್ಣ ಗುದ್ದೂ ದೊಡ್ಡದಾಗಿ ಕೇಳುತ್ತದೆ. ನೋಡುವುದು ಸುಲಭ: ಬಾನೆಟ್ ತೆರೆದು, ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಕಾಲು ಬ್ರೇಕ್ ಮೇಲೆ ಗಟ್ಟಿ ಇಟ್ಟು ಒಬ್ಬರು ಡಿ-ಎನ್-ಆರ್ ಮಾಡಲಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಲಿ. ಗಾಡಿಯ ಮುಂದೆಯೋ ಹಿಂದೆಯೋ ಯಾರೂ ನಿಲ್ಲಬಾರದು. ಎಂಜಿನ್ ಸ್ವಲ್ಪ ವಾಲುವುದು ಸಹಜ, ಎದ್ದು ಬಿದ್ದರೆ ಮೌಂಟ್ ಬದಲಿಸಿ. ಗೇರ್‌ಬಾಕ್ಸ್ ಕೆಲಸದ ಪಕ್ಕದಲ್ಲಿ ಇದರ ಖರ್ಚು ಚಿಲ್ಲರೆ.

ಇದೇ ಹೊತ್ತಿಗೆ ಇನ್ನೂ ಎರಡು ಸಣ್ಣ ಕಳ್ಳರನ್ನು ಹಿಡಿಯಿರಿ. ಒಂದು, ಬ್ರೇಕ್ ಪೆಡಲ್ ಸ್ವಿಚ್. ನೀವು ಬ್ರೇಕ್ ಒತ್ತಿದ್ದೀರೋ ಇಲ್ಲವೋ ಎಂಬುದು ಕಂಪ್ಯೂಟರಿಗೆ ಗೊತ್ತಾಗುವುದು ಅದರಿಂದಲೇ. ಅದು ತಡವಾಗಿ ಹೇಳಿದರೆ ಕ್ಲಚ್ ಬಿಡುವುದೂ ತಡ, ಗಾಡಿ ನಿಲ್ಲುವ ಮುನ್ನ ತಳ್ಳಿದ ಹಾಗೆ ಆಗುತ್ತದೆ. ಎರಡು, ಎಂಜಿನ್ನಿನ ಐಡಲ್. ಹಳೆಯ ಸ್ಪಾರ್ಕ್ ಪ್ಲಗ್, ಸೋಲುತ್ತಿರುವ ಇಗ್ನಿಷನ್ ಕಾಯಿಲ್, ಮಸಿ ಹಿಡಿದ ಥ್ರಾಟಲ್ ಬಾಡಿ ಇವುಗಳಿಂದ ಐಡಲ್ ಏರಿಳಿದರೆ ಕ್ಲಚ್ ಪಾಪ ಏನು ಮಾಡೀತು? ಎಷ್ಟೋ "ಗೇರ್‌ಬಾಕ್ಸ್ ಕೇಸು"ಗಳು ಪ್ಲಗ್ ಬದಲಿಸಿದ ದಿನವೇ ಮುಗಿಯುತ್ತವೆ. ಎನ್‌ನಲ್ಲಿ ಖಟಖಟ ಸದ್ದು ಬಂದು ಡಿ ಹಾಕಿದಾಗ ಅದರ ಲಯ ಬದಲಾದರೆ ಡ್ಯುಯಲ್ ಮಾಸ್ ಫ್ಲೈವೀಲ್ (ಎಂಜಿನ್ನಿನ ಅದುರಾಟ ಹೀರುವ ಜೋಡಿ ಚಕ್ರ) ನೋಡಿಸಬೇಕು, ಅದು ದೊಡ್ಡ ಕೆಲಸ.

ಎಣ್ಣೆ ಬದಲಾವಣೆ: ಇಲ್ಲಿ ಗಡಿಬಿಡಿ ಮಾಡಿದರೆ ಇದ್ದದ್ದೂ ಕೆಡುತ್ತದೆ

ಬೇಕಾದದ್ದು ಜಿ 052 182 ನಮೂನೆಯ ಡಿಎಸ್‌ಜಿ ಎಣ್ಣೆ 6 ಲೀಟರ್, 02ಇ 305 051 ಸಿ ನಂಬರಿನ ಫಿಲ್ಟರ್, ಡ್ರೇನ್ ಬೋಲ್ಟಿಗೆ ಹೊಸ ವಾಷರ್. ಒಳಗೆ ಒಟ್ಟು 7 ಲೀಟರ್ ಚಿಲ್ಲರೆ ಹಿಡಿಯುತ್ತದೆ, ಆದರೆ ಇಳಿಸಿದಾಗ ಬರುವುದು 5ರಿಂದ 5.5 ಲೀಟರ್ ಮಾತ್ರ. "ಎಲ್ಲಾ ಡಿಎಸ್‌ಜಿಗೂ ನಡೆಯುತ್ತದೆ" ಎಂಬ ಡಬ್ಬಿ ಬೇಡ, ಸಾಮಾನ್ಯ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ (ಎಟಿಎಫ್) ಅಂತೂ ಬೇಡವೇ ಬೇಡ.

ಗಾಡಿ ನಾಲ್ಕೂ ಚಕ್ರ ಸಮನಾಗಿ ಲಿಫ್ಟ್ ಮೇಲೆ ಇರಬೇಕು. ಮುಂದಿನ ಎರಡು ಚಕ್ರ ಮಾತ್ರ ಜಾಕ್ ಮೇಲೇರಿಸಿದರೆ ಲೆವೆಲ್ ಸುಳ್ಳು. ಮೇಲಿನ ಫಿಲ್ಟರ್ ಮುಚ್ಚಳ ಬಿಚ್ಚಿ ಹತ್ತು ನಿಮಿಷ ಬಿಟ್ಟರೆ ಅದರಲ್ಲಿ ನಿಂತ ಎಣ್ಣೆ ಒಳಗೆ ಇಳಿಯುತ್ತದೆ. ಕೆಳಗೆ 14 ಎಂಎಂ ಅಲೆನ್ ಬೋಲ್ಟ್ ತೆಗೆದರೆ ಸ್ವಲ್ಪವೇ ಬಂದು ನಿಲ್ಲುತ್ತದೆ. ಹೊಸಬರು ಎಡವುವುದು ಇಲ್ಲೇ: ಆ ರಂಧ್ರದೊಳಗೆ ಪ್ಲಾಸ್ಟಿಕ್ಕಿನ ಲೆವೆಲ್ ಕೊಳವೆ ಇದೆ, ಅದನ್ನು 8 ಎಂಎಂ ಅಲೆನ್ ಕೀಯಿಂದ ಬಿಚ್ಚಿದರೆ ಮಾತ್ರ ಉಳಿದದ್ದು ಸುರಿಯುತ್ತದೆ. ಬಿಚ್ಚದೆ "ಇಷ್ಟೇ ಇತ್ತು" ಎಂದು ಮೇಲೆ ಹೊಸದು ಸುರಿದವರಿದ್ದಾರೆ. ಕೊಳವೆಯನ್ನು ಮತ್ತೆ ಹಾಕುವಾಗ ಕೈಬಿಗಿ ಸಾಕು, ಪ್ಲಾಸ್ಟಿಕ್ ಅದು.

ಬಂದ ಎಣ್ಣೆಯನ್ನು ಬಿಳಿ ತಟ್ಟೆಯಲ್ಲಿ ನೋಡಿ. ಕಂದು ಬಣ್ಣ, ಸ್ವಲ್ಪ ಮಸುಕು: ವಯಸ್ಸಿನದು. ಕರಕಲು ವಾಸನೆ, ಕಾಫಿ ಡಿಕಾಕ್ಷನ್ನಿನ ಕಪ್ಪು: ಕ್ಲಚ್ ಕಾದಿದೆ. ಅಯಸ್ಕಾಂತಕ್ಕೆ ಬೂದಿಯಂಥ ನುಣ್ಣನೆ ಕೆಸರು ಹತ್ತಿದರೆ ಚಿಂತೆ ಇಲ್ಲ; ಉಗುರಿನಿಂದ ಎತ್ತಬಹುದಾದ ಚೂರುಗಳು ಸಿಕ್ಕರೆ ಮುಂದಿನ ಖರ್ಚು ಅಲ್ಲಿಗೇ ನಿಲ್ಲಿಸಿ, ಒಳಗೆ ಬೇರೆ ಕಥೆ ನಡೆದಿದೆ.

ಹೊಸ ಫಿಲ್ಟರ್ ಹಾಕಿ ಮುಚ್ಚಳ 20 ನ್ಯೂಟನ್ ಮೀಟರ್‌ಗೆ ಬಿಗಿದು, ಕೆಳಗಿನಿಂದ ಅಡಾಪ್ಟರ್ ಮೂಲಕ ಐದೂವರೆ ಲೀಟರ್ ತುಂಬಿ. ಎಂಜಿನ್ ಶುರು ಮಾಡಿ ಬ್ರೇಕ್ ಮೇಲೆ ಕಾಲಿಟ್ಟು ಪಿ, ಆರ್, ಎನ್, ಡಿ ಪ್ರತಿಯೊಂದರಲ್ಲೂ ಎರಡು-ಮೂರು ಸೆಕೆಂಡ್ ನಿಲ್ಲಿಸಿ ಪಿಗೆ ಮರಳಿ. ಈಗ ಮುಖ್ಯ ಗಳಿಗೆ. ಎಂಜಿನ್ ನಡೆಯುತ್ತಿರುವಾಗಲೇ, ಎಣ್ಣೆ 35ರಿಂದ 45 ಡಿಗ್ರಿ ಇರುವಾಗ ಕೊಳವೆಯಿಂದ ಹೆಚ್ಚಿನದು ಹೊರಬಿದ್ದು, ಧಾರೆ ಹನಿಯಾಗಿ ನಿಲ್ಲಬೇಕು. ಈ ಶಾಖ ಕೈಯಿಂದ ಮುಟ್ಟಿ ತಿಳಿಯುವುದಲ್ಲ, ಸ್ಕ್ಯಾನರ್‌ನಲ್ಲಿ ಓದುವುದು. ಎಣ್ಣೆ ಬಿಸಿಯಾಗಿದ್ದಾಗ ಹಿಗ್ಗಿರುತ್ತದೆ; ಆಗ ಲೆವೆಲ್ ಮಾಡಿದರೆ ಬೇಕಾದದ್ದೂ ಹೊರಗೆ ಹೋಗಿ ಗೇರ್‌ಬಾಕ್ಸ್ ಹಸಿದಿರುತ್ತದೆ. ನಮ್ಮ ಭಾಗದಲ್ಲಿ ಮೇ ತಿಂಗಳ ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ನಿಂತ ಗಾಡಿಯ ಎಣ್ಣೆ ಎಂಜಿನ್ ಶುರು ಮಾಡುವ ಮೊದಲೇ 40 ದಾಟಿರುತ್ತದೆ. ಓಡಿಸಿಕೊಂಡು ಬಂದ ಗಾಡಿಯಾದರೆ 80. ಆದ್ದರಿಂದ ರಾತ್ರಿಯೇ ಗಾಡಿ ಬಿಟ್ಟು, ಬೆಳಗ್ಗೆ ಆರು-ಏಳಕ್ಕೆ ಕೆಲಸ ಹಿಡಿಸಿ. "ಹತ್ತು ಗಂಟೆಗೆ ಬರ್ರಿ, ಅರ್ಧ ತಾಸಿನಾಗ ಮಾಡಿ ಕೊಡ್ತೀವಿ" ಎನ್ನುವವರ ಹತ್ತಿರ ಬೇಸಿಗೆಯಲ್ಲಿ ಮಾಡಿಸದಿರುವುದೇ ಮೇಲು. ಬೋಲ್ಟಿಗೆ 45 ನ್ಯೂಟನ್ ಮೀಟರ್.

ಇದಾದ ಮೇಲೆಯೇ ಬೇಸಿಕ್ ಸೆಟ್ಟಿಂಗ್ (ಮೇಲೆ ಹೇಳಿದ ರೀಸೆಟ್), ಮುಂಚೆ ಅಲ್ಲ. ಎಣ್ಣೆ ಬೆಚ್ಚಗಿರಬೇಕು, ಬ್ಯಾಟರಿ ತುಂಬಿರಬೇಕು, ನಡುವೆ ಬಾಗಿಲು ತೆಗೆದು ಹಾಕಿ ಮಾಡಬಾರದು. ನಂತರ ಕಲಿಸುವ ಓಟ: ಹುಮನಾಬಾದ್ ರಸ್ತೆಯಲ್ಲೋ ಸೇಡಂ ರಸ್ತೆಯಲ್ಲೋ ಟ್ರಾಫಿಕ್ ಇಲ್ಲದ ಹೊತ್ತು ಮ್ಯಾನ್ಯುಯಲ್‌ನಲ್ಲಿ ಮೂರು ಅಥವಾ ಐದನೇ ಗೇರಿನಲ್ಲಿ ಐದು ನಿಮಿಷ, ನಾಲ್ಕು ಅಥವಾ ಆರರಲ್ಲಿ ಐದು ನಿಮಿಷ, ಆರ್‌ಪಿಎಂ 1,200ರಿಂದ 3,500ರ ಒಳಗೆ, ಒಂದೇ ಹದದಲ್ಲಿ. ಒಂದು ಕ್ಲಚ್ಚಿಗೆ ಬೆಸ ಗೇರ್, ಇನ್ನೊಂದಕ್ಕೆ ಸರಿ ಗೇರ್ ಎಂಬುದು ನೆನಪಿದ್ದರೆ ಈ ಜೋಡಿ ಯಾಕೆ ಅಂತ ತಾನೇ ತಿಳಿಯುತ್ತದೆ. ಮೊದಲ 200-300 ಕಿ.ಮೀ. ನಡತೆ ಸ್ವಲ್ಪ ಹೆಚ್ಚು-ಕಡಿಮೆ ಇರಬಹುದು, ತೀರ್ಪು ಕೊಡಬೇಡಿ.

ಇಷ್ಟರ ನಂತರವೂ ಬಿಸಿಯಲ್ಲಿ ಗುದ್ದು ಉಳಿದರೆ ಸ್ಕ್ಯಾನರ್ ಹಚ್ಚಿಯೇ ಟ್ರಾಫಿಕ್‌ನಲ್ಲಿ ಓಡಿಸಿ, ಎರಡೂ ಕ್ಲಚ್ಚಿನ ಕೇಳಿದ ಒತ್ತಡ ಮತ್ತು ಸಿಕ್ಕ ಒತ್ತಡ ರೆಕಾರ್ಡ್ ಮಾಡಿಸಿ. ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಹೊಂದದೆ ಒಂದರ ಗೆರೆ ಕುಣಿಯುತ್ತಿದ್ದರೆ ಮೆಕಾಟ್ರಾನಿಕ್‌ನ ಒತ್ತಡದ ವಾಲ್ವುಗಳ ಕೆಲಸ. ಮೊದಲ ಕ್ಲಚ್ಚಿಗೆ ಎನ್215, ಎರಡನೆಯದಕ್ಕೆ ಎನ್216. ಇದನ್ನು ಗೇರ್‌ಬಾಕ್ಸ್ ಇಳಿಸದೆಯೇ ಮಾಡಬಹುದು. ರಿಪೇರಿ ಮಾಡಿದ ಮೆಕಾಟ್ರಾನಿಕ್ ಅಗ್ಗ, ಆದರೆ ಅದರ ಆಯಸ್ಸು ಮಾಡಿದವರ ಕೈ ಮೇಲಿದೆ, ವಾರಂಟಿ ಬರಹದಲ್ಲಿ ಕೇಳಿ. ಗೇರ್ ಚಿಹ್ನೆ ಮಿನುಗಿದರೆ, ರಿವರ್ಸ್ ಮಾಯವಾದರೆ, ಬೆಸ ಗೇರ್ ಮಾತ್ರ ಉಳಿದರೆ ಓಡಿಸಿಕೊಂಡು ಹೈದರಾಬಾದ್‌ವರೆಗೆ ಹೋಗುವ ಸಾಹಸ ಬೇಡ. ಫ್ಲ್ಯಾಟ್‌ಬೆಡ್ ಲಾರಿಯೇ ಸರಿ. ಹಗ್ಗ ಕಟ್ಟಿ ಎಳೆಯುವುದಾದರೆ ಎನ್‌ನಲ್ಲಿ, 50 ಕಿ.ಮೀ. ವೇಗ ಮೀರದೆ, 50 ಕಿ.ಮೀ. ದೂರ ಮೀರದೆ.

ಕ್ಲಚ್ ಪ್ಯಾಕ್ ಕೊನೆಯದು, ಭಾರ ಹಾಕಿದಾಗ ಜಾರುವುದು ರೆಕಾರ್ಡಿನಲ್ಲಿ ಕಂಡರೆ ಮಾತ್ರ. ಹಿಂದಿನ ಮಾಲೀಕರು ಎಂಜಿನ್ ರೀಮ್ಯಾಪ್ (ಬಲ ಹೆಚ್ಚಿಸಲು ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ) ಮಾಡಿಸಿದ್ದರೋ ಎಂಬುದನ್ನು ಅದಕ್ಕೂ ಮೊದಲು ಪತ್ತೆ ಹಚ್ಚಿ. ಈ ಗೇರ್‌ಬಾಕ್ಸಿಗೆ ಹೇಳಿದ ಟಾರ್ಕ್ (ತಿರುಗುಬಲ) ಮಿತಿ 350 ನ್ಯೂಟನ್ ಮೀಟರ್, ನಿಮ್ಮ ಎಂಜಿನ್ ಕಂಪನಿಯಿಂದ ಬರುವಾಗಲೇ ಕೊಡುವುದು ಅಷ್ಟೇ. ಮೇಲೆ ಒಂದು ಹಿಡಿ ಸೇರಿಸಿದರೂ ಸಾಲ ಕ್ಲಚ್ಚಿನ ತಲೆಗೆ. ಅಂಥ ಗಾಡಿಗೆ ಹೊಸ ಪ್ಯಾಕ್ ಹಾಕಿ ಅದೇ ಮ್ಯಾಪ್ ಉಳಿಸಿದರೆ ಮತ್ತೆ ಇದೇ ಪತ್ರ ಬರೆಯುತ್ತೀರಿ.

ಓಡಿಸುವ ರೀತಿಯಲ್ಲಿ ಎರಡೇ ಬದಲಾವಣೆ ಮಾಡಿ ನೋಡಿ. ಟ್ರಾಫಿಕ್‌ನಲ್ಲಿ ಮುಂದಿನ ಗಾಡಿ ಒಂದು ಕಾರಿನಷ್ಟು ದೂರ ಹೋಗುವವರೆಗೆ ಬ್ರೇಕ್ ಗಟ್ಟಿ ಒತ್ತಿ ನಿಂತಿರಿ, ಆಮೇಲೆ ಒಂದೇ ಸಲ ಹೋಗಿ ನಿಲ್ಲಿ. ನಡುವೆ ಆಟೋ ತೂರುತ್ತದೆ, ತೂರಲಿ. ಮತ್ತು ಸ್ಪೀಡ್ ಬ್ರೇಕರ್‌ಗೆ ಮುಂಚೆಯೇ 5 ಕಿ.ಮೀ.ಗೆ ಇಳಿಸಿ, ಬ್ರೇಕ್ ಬಿಟ್ಟ ಮೇಲೆ "ಒಂದು" ಎಂದು ಎಣಿಸಿ ಆಕ್ಸಿಲರೇಟರ್ ಮುಟ್ಟಿ. ಆ ಒಂದು ಸೆಕೆಂಡ್ ಗೇರ್‌ಬಾಕ್ಸಿಗೆ ತನ್ನ ಊಹೆ ತಿದ್ದಿಕೊಳ್ಳಲು ಸಾಕು. ಜಾತ್ರೆ, ಸಂತೆಯ ದಿನ ಮ್ಯಾನ್ಯುಯಲ್‌ನಲ್ಲಿ ಒಂದನೇ ಗೇರ್ ಹಿಡಿದಿಡಿ.

ಮಾರುವ ಮಾತು ಎಣ್ಣೆ ಮತ್ತು ಮೌಂಟ್ ಆದ ಮೇಲೆ ಆಡೋಣ. ಈಗ ಮಾರಿದರೆ ಕೊಳ್ಳುವವರು ಟ್ರಾಫಿಕ್‌ನಲ್ಲಿ ಒಂದು ಸುತ್ತು ಹೊಡೆದು "ಕ್ಲಚ್ ಹೋಗ್ಯಾದ" ಎಂದೇ ಬೆಲೆ ಕಟ್ಟುತ್ತಾರೆ.

ಗೆಳೆಯರ ಪೋಲೊ ಬೇರೆ ಜಾತಿ. ಅದರಲ್ಲಿರುವುದು ಏಳು ಗೇರಿನ ಡಿಕ್ಯು200, 250 ನ್ಯೂಟನ್ ಮೀಟರ್ ಮಿತಿಯ ಒಣ ಕ್ಲಚ್. ಅದರ ಗೇರ್ ಎಣ್ಣೆ ಎರಡು ಲೀಟರೂ ಇಲ್ಲ, ಮೆಕಾಟ್ರಾನಿಕ್‌ಗೆ ಬೇರೆಯೇ ಎಣ್ಣೆ, ಎರಡೂ ಕ್ಲಚ್ಚನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಎಣ್ಣೆ ಬದಲಿಸಿ ನಡುಕ ಹೋಗಿಸುತ್ತೇವೆ ಎಂಬವರನ್ನು ಅವರು ನಂಬಬಾರದು. "ಡಿಎಸ್‌ಜಿ ಅಂದರೆ ಕೆಡುವುದೇ" ಎಂಬ ಹೆಸರು ಬಂದದ್ದೂ ಬಹುಪಾಲು ಇದೇ ನಮೂನೆಯಿಂದ. 2013ರ ಮಾರ್ಚ್‌ನಲ್ಲಿ ಚೀನಾದಲ್ಲಿ 3.84 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಡಿಎಸ್‌ಜಿ ದೋಷಕ್ಕಾಗಿ ವಾಪಸ್ ಕರೆಸಿದ್ದರು. ಒಣ ಕ್ಲಚ್ ತಂಪಾಗುವುದು ಗಾಳಿಯಿಂದ ಮಾತ್ರ. ನಮ್ಮ ಬೇಸಿಗೆಯಲ್ಲಿ ತೆವಳಿದರೆ ಲೈನಿಂಗ್ ಗಾಜಿನ ಹಾಗೆ ನುಣುಪಾಗುತ್ತದೆ, ಆಗ ಹೊರಡುವಾಗ ಗದಗದ.

ಅವರಿಗೆ ಒಂದು ಪರೀಕ್ಷೆ ಸಾಕು. ಪೋಲೊದಲ್ಲಿ ರಿವರ್ಸ್ ಇರುವುದು ಎರಡನೇ ಕ್ಲಚ್ಚಿನ ಮೇಲೆ, ಒಂದನೇ ಗೇರ್ ಮೊದಲ ಕ್ಲಚ್ಚಿನ ಮೇಲೆ. ಬಿಸಿಯಾದ ಮೇಲೆ ಮುಂದಕ್ಕೆ ಹೊರಡುವಾಗ ನಡುಗಿ ರಿವರ್ಸಿನಲ್ಲಿ ನುಣ್ಣಗೆ ಹೋದರೆ ಮೊದಲ ಕ್ಲಚ್ಚಿನ ಸವೆತ. ಕ್ಲಚ್ ಸೆಟ್ ಬದಲಿಸುವಾಗ ಎರಡೂ ಕ್ಲಚ್ಚಿನ ಬೇರಿಂಗ್ ಅಂತರವನ್ನು ಗೇಜ್ ಇಟ್ಟು ಅಳೆದು, ಅದಕ್ಕೆ ತಕ್ಕ ದಪ್ಪದ ಶಿಮ್ (ಅಂತರ ತುಂಬುವ ತೆಳು ಬಿಲ್ಲೆ) ಆರಿಸಬೇಕು. ಹಳೆಯ ಶಿಮ್ ತೊಳೆದು ಮತ್ತೆ ಹಾಕಿದರೆ ಹೊಸ ಕ್ಲಚ್ಚೂ ಮೊದಲ ದಿನದಿಂದಲೇ ನಡುಗುತ್ತದೆ. ವಿಶೇಷ ಉಪಕರಣದ ಪೆಟ್ಟಿಗೆ ಇದೆಯೇ ಎಂದು ಮೊದಲು ಕಣ್ಣಾರೆ ನೋಡಲಿ, ಅಳತೆಯ ಎರಡು ಅಂಕಿಗಳನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಲಿ.